ಡಾಂಬರು ರಸ್ತೆಗೆ ತಕ್ಕ ಬೈಸಿಕಲ್ಲು

ಬೈಸಿಕಲ್ಲು ಸವಾರನ ಕಾಲ್ಬಲವನ್ನೇ ನಂಬಿ ಚಲಿಸುವ ವಾಹನ. ಆದುದರಿಂದ ಅವನ ಶಕ್ತಿಯಲ್ಲಿ ಎಷ್ಟು ಭಾಗ ಚಲನೆಗೆ ಒದಗುತ್ತದೆ, ಎಷ್ಟು ಭಾಗ ವ್ಯರ್ಥವಾಗುತ್ತದೆ ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ಇಂದು ಅಂಗಡಿಗಳಲ್ಲಿ ದಪ್ಪ ಟೈರಿನ ಮೌಂಟನ್ ಬೈಕು, ತೆಳು ಟೈರಿನ ರೋಡ್ ಬೈಕು ಎಂಬ ಎರಡು ಬಗೆಗಳು ದೊರೆಯುತ್ತವೆ. ಮೊದಲನೆಯದರ ಗಟ್ಟಿತನಕ್ಕೆ ತರುಣರು ಮನಸೋಲುವುದು ಸಹಜ. ಆದರೆ ನಿತ್ಯವೂ ಡಾಂಬರು ರಸ್ತೆಯಲ್ಲಿಯೇ ಸಂಚರಿಸುವವರಿಗೆ ಅದು ತಕ್ಕುದೇ ಎಂಬುದನ್ನು ವಿಚಾರಿಸಬೇಕು.

ಇವುಗಳ ಹುಟ್ಟಿನಲ್ಲಿಯೇ ಉತ್ತರದ ಸುಳಿವಿದೆ. ರೋಡ್ ಬೈಕು ಬೆಳೆದದ್ದು 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್‌ನಂತಹ ದೂರದ ಪಂದ್ಯಗಳಲ್ಲಿ. ಮೌಂಟನ್ ಬೈಕಾದರೋ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಗುಡ್ಡಗಳಲ್ಲಿ ರೂಪುಗೊಂಡಿತು. ಅಲ್ಲಿನ ತರುಣರು ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳನ್ನು ಮಾರ್ಪಡಿಸಿ ಕಲ್ಲುಮಣ್ಣಿನ ಇಳಿಜಾರುಗಳಲ್ಲಿ ಓಡಿಸುತ್ತಿದ್ದರು. 1977ರಲ್ಲಿ ಜೋ ಬ್ರೀಜ್ ಎಂಬವರು ಈ ಸವಾರಿಗೆಂದೇ ಹೊಸ ಚೌಕಟ್ಟನ್ನು ನಿರ್ಮಿಸಿದರು.

ಮೌಂಟನ್ ಬೈಕಿನ ಟೈರು ಸಾಮಾನ್ಯವಾಗಿ 2 ಅಂಗುಲ ಅಥವಾ ಅದಕ್ಕೂ ಮಿಗಿಲಾದ ಅಗಲವುಳ್ಳದ್ದು. ಅದರ ಮೇಲಿನ ಗುಬಟುಗಳು ಸಡಿಲ ಮಣ್ಣನ್ನು ಕಚ್ಚಿ ಹಿಡಿಯುತ್ತವೆ. ಗಟ್ಟಿ ಡಾಂಬರಿನ ಮೇಲಾದರೋ ಅವು ಕಚ್ಚುವುದಕ್ಕೆ ಏನೂ ಇಲ್ಲ. ಪ್ರತಿ ಸುತ್ತಿನಲ್ಲಿಯೂ ಬಾಗಿ ಏಳುವುದರಲ್ಲಿ ಸವಾರನ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಮುಂಗಾಲಿಯ ಸ್ಪ್ರಿಂಗು, ಎದ್ದುನಿಂತು ತುಳಿದಾಗಲೆಲ್ಲ ಕುಗ್ಗಿ, ಬಲದಲ್ಲಿ ಒಂದಂಶವನ್ನು ನುಂಗುತ್ತದೆ. ಒಟ್ಟು ಭಾರವೂ ಏರುದಾರಿಯಲ್ಲಿ ಕಾಲಿಗೆ ಹೊರೆಯಾಗುತ್ತದೆ.

ಗಾಳಿಯ ತಡೆ ಇನ್ನೊಂದು ಕಾರಣ. ವೇಗ ಎರಡು ಪಟ್ಟಾದರೆ ಈ ತಡೆ ನಾಲ್ಕು ಪಟ್ಟಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಸುಮಾರು 20 ಕಿಲೋಮೀಟರು ಮೀರಿದ ಮೇಲೆ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ರೋಡ್ ಬೈಕಿನ ಬಾಗಿದ ಹ್ಯಾಂಡಲು ದೇಹವನ್ನು ತಗ್ಗಿಸಿ ಆ ತಡೆಯನ್ನು ಕುಗ್ಗಿಸುತ್ತದೆ. ರಸ್ತೆ ಪಂದ್ಯಗಳಲ್ಲಿ ಕೀರ್ತಿ ಗಳಿಸಿದ ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಪಟುಗಳು ಸವಾರಿ ಮಾಡುವುದು ಈ ಬಗೆಯ ಬೈಸಿಕಲ್ಲನ್ನೇ.

ಹಾಗೆಂದು ರೋಡ್ ಬೈಕು ದೋಷರಹಿತವೆಂದಲ್ಲ. ತಗ್ಗಿನಲ್ಲಿ ಇಳಿದಾಗ ತೆಳು ಟೈರಿನೊಳಗಿನ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ ಒಡೆಯಬಹುದು. ಬಾಗಿ ಕೂರುವ ಭಂಗಿ ಹೊಸಬರ ಕುತ್ತಿಗೆಯನ್ನೂ ಬೆನ್ನನ್ನೂ ನೋಯಿಸುತ್ತದೆ. ಪುಸ್ತಕದ ಚೀಲಕ್ಕೆ ಬೇಕಾದ ಕ್ಯಾರಿಯರು ಹಲವದರಲ್ಲಿ ಇರುವುದಿಲ್ಲ.

ಆದುದರಿಂದ ನಯವಾದ ಹೆದ್ದಾರಿಯಲ್ಲಿ ದೂರ ಸಾಗುವವರಿಗೆ ರೋಡ್ ಬೈಕೇ ಲೇಸು. ಅರ್ಧ ಡಾಂಬರು, ಅರ್ಧ ಕಚ್ಚಾ ದಾರಿಯಾದರೆ ಮೌಂಟನ್ ಬೈಕು ಸಲ್ಲುತ್ತದೆ. ಡಾಂಬರಿದ್ದರೂ ತಗ್ಗು, ಉಬ್ಬುಗಳು ಹೆಚ್ಚಾಗಿದ್ದರೆ ಇವೆರಡರ ನಡುವಣ ಹೈಬ್ರಿಡ್ ಬಗೆಯು ಅನುಕೂಲ. ಈಗಾಗಲೇ ಮೌಂಟನ್ ಬೈಕು ಉಳ್ಳವರು ಹೊಸದಕ್ಕೆ ಹಣ ಸುರಿಯಬೇಕಾಗಿಲ್ಲ. ರಿಮ್ಮಿಗೆ ಹೊಂದುವ ಸುಮಾರು ಒಂದೂವರೆ ಅಂಗುಲದ ನುಣುಪು ಟೈರುಗಳನ್ನು ಹಾಕಿಸಿ, ಟೈರಿನ ಬದಿಯಲ್ಲಿ ಮುದ್ರಿಸಿದ ಮಿತಿಯೊಳಗೆ ಗಾಳಿ ತುಂಬಿಸಿದರೆ ಸವಾರಿ ಬಹುಮಟ್ಟಿಗೆ ಹಗುರಾಗುತ್ತದೆ.

ನೋಟದ ಠೀವಿಗೆ ಮರುಳಾಗಿ ಕೊಂಡ ವಾಹನದ ಬೆಲೆಯನ್ನು ತಂದೆತಾಯಿಗಳು ಒಮ್ಮೆ ತೆರುತ್ತಾರೆ, ಸವಾರನ ಕಾಲುಗಳು ದಿನವೂ ತೆರುತ್ತವೆ. ಕೊಳ್ಳುವ ಮುನ್ನ ತಾನು ನಿತ್ಯ ಸಾಗುವ ದಾರಿಯನ್ನು ಒಮ್ಮೆ ಗಮನಿಸಿ ನೋಡುವುದು ವಿವೇಕ.