ಶುಗರ್ ಇದೆ ಅಂದಷ್ಟೇ ಸಲೀಸಾಗಿ

ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಊಟ ಮುಗಿಯುವವರೆಗೆ ಏಳಬಾರದು. ಚಿಕ್ಕಂದಿನಲ್ಲಿ ಅಜ್ಜಿ ಹೇಳಿಕೊಟ್ಟ ಪಾಠ ಇದು. ಆದರೆ ನಾಲ್ಕು ವರ್ಷದ ಹಿಂದೆ, ತಿಪಟೂರಿನಲ್ಲಿ ನಡೆದ ಚಿಕ್ಕಪ್ಪನ ಮಗಳ ಮದುವೆಯಲ್ಲಿ, ಅನ್ನದ ಮೇಲೆ ಸಾರು ಬೀಳುವ ಹೊತ್ತಿಗೆ ನಾನು ಎಲೆ ಬಿಟ್ಟು ಎದ್ದು ಓಡಿದೆ. ಛತ್ರದಲ್ಲಿ ಹೆಂಗಸರಿಗೆ ಇದ್ದದ್ದೇ ಎರಡು ಬಾತ್‌ರೂಮ್. ಒಂದಕ್ಕೆ ಬೀಗ, ಇನ್ನೊಂದರ ಮುಂದೆ ಕ್ಯೂ. ಮಗುವಿನ ಕೈ ಹಿಡಿದು ನಿಂತಿದ್ದ ಹೆಂಗಸಿಗೆ "ಅಕ್ಕಾ, ತುಂಬಾ ಅರ್ಜೆಂಟು" ಅಂದೆ. ಅವರು ನನ್ನ ಮುಖ ನೋಡಿ ಸರಿದು ನಿಂತರು.

ವಾಪಸ್ ಬರುವಷ್ಟರಲ್ಲಿ ನನ್ನ ಎಲೆ ಎತ್ತಿದ್ದರು. "ಬೆಂಗಳೂರು ಸೇರಿದ ಮೇಲೆ ನಮ್ಮ ಊಟ ಹಿಡಿಸಲ್ಲ ಅಲ್ವೇನೇ?" ಅಂದರು ಅತ್ತೆ. ನಾನು ನಕ್ಕು, "ಡಯಟ್ ಅತ್ತೆ" ಅಂದೆ.

ಅಷ್ಟರಲ್ಲಿ ಮುಂದಿನ ಪಂಕ್ತಿ ಕೂತಿತ್ತು. ದೊಡ್ಡಪ್ಪ ಬಡಿಸುವ ಹುಡುಗನಿಗೆ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದರು, "ನಂಗೆ ಶುಗರ್ ಇದೆ ಕಣಪ್ಪಾ, ಹೋಳಿಗೆ ಅರ್ಧ ಸಾಕು." ಪಕ್ಕದವರು "ನಂಗೂ ಇದೆ. ಮೊನ್ನೆ ತೋರಿಸ್ದಾಗ ಖಾಲಿ ಹೊಟ್ಟೇಲೇ 160" ಅಂದರು. ಎದುರಿನ ಸಾಲಿನವರು "ನಂದು ಬಿಪಿ, ಉಪ್ಪಿನಕಾಯಿ ಬೇಡ" ಅಂದರು. ಒಂದೇ ನಿಮಿಷದಲ್ಲಿ ಮೂರು ಜನರ ಕಾಯಿಲೆ ಎಲ್ಲರಿಗೂ ಗೊತ್ತಾಯಿತು. ಯಾರೂ ತಲೆ ತಗ್ಗಿಸಲಿಲ್ಲ. ಬಡಿಸುವವನೂ ಏನೂ ಅಂದುಕೊಳ್ಳಲಿಲ್ಲ.

ನನ್ನ ಕಾಯಿಲೆಗೂ ಒಂದು ಹೆಸರಿತ್ತು. ಬ್ಯಾಗಿನಲ್ಲಿ ಮಾತ್ರೆಯೂ ಇತ್ತು. ಹೇಳೋಕೆ ಬಾಯಿ ಮಾತ್ರ ಬರಲಿಲ್ಲ.

ಏಳು ತಿಂಗಳ 'ಉಷ್ಣ'

ಶುರುವಾದಾಗ ನನಗೆ 25 ವರ್ಷ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಮಾರತ್ತಹಳ್ಳಿಯ ಪಿಜಿಯಲ್ಲಿದ್ದೆ. ಬೇದಿ ಹತ್ತಿಕೊಂಡಿತು, ನಿಲ್ಲಲೇ ಇಲ್ಲ. ಆಮೇಲೆ ರಕ್ತ ಕಾಣಿಸಿತು. ಅಮ್ಮನಿಗೆ ಫೋನಿನಲ್ಲಿ "ಹೊಟ್ಟೆ ಸರಿ ಇಲ್ಲ" ಅಂತಷ್ಟೇ ಹೇಳಿದೆ, ರಕ್ತದ ಮಾತು ಎತ್ತಲಿಲ್ಲ. "ಉಷ್ಣ ಆಗಿರುತ್ತೆ. ಮಜ್ಜಿಗೆ ಕುಡಿ, ಮೆಂತ್ಯ ನುಂಗು, ಹೊರಗಡೆ ತಿನ್ನೋದು ಬಿಡು" ಅಂದಳು ಅಮ್ಮ. ಊರಿಗೆ ಹೋದಾಗ ದಾಳಿಂಬೆ ಸಿಪ್ಪೆಯ ಕಷಾಯ ಮಾಡಿಕೊಟ್ಟಳು. ಮೂಲವ್ಯಾಧಿ ಇರಬಹುದು ಅಂತ ನಾನೇ ತೀರ್ಮಾನ ಮಾಡಿಕೊಂಡು, ಮೆಡಿಕಲ್ ಸ್ಟೋರಿನಲ್ಲಿ ಜನ ಇಲ್ಲದ ಹೊತ್ತು ನೋಡಿ ಮುಲಾಮು ತಂದೆ.

ತೂಕ 9 ಕೆಜಿ ಇಳಿಯಿತು. ಆಫೀಸಿನಲ್ಲಿ "ಸಖತ್ ಸಣ್ಣ ಆಗಿದ್ದೀಯ, ಏನು ಸೀಕ್ರೆಟ್?" ಅಂತ ಕೇಳಿದರು. ಅದಕ್ಕೂ ನಕ್ಕೆ.

ಏಳನೇ ತಿಂಗಳಲ್ಲಿ ಒಂದು ದಿನ ಆಫೀಸಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8. ಹೊಟ್ಟೆಯ ಸ್ಪೆಷಲಿಸ್ಟ್ ಹತ್ತಿರ ಕಳಿಸಿದರು. ಡಾಕ್ಟರ್ ಕೇಳಿದ್ದು ಮೂರೇ ಪ್ರಶ್ನೆ. ದಿನಕ್ಕೆ ಎಷ್ಟು ಸಲ ಹೋಗ್ತೀರಿ? ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಗುತ್ತಾ? ರಕ್ತ ಎಷ್ಟು ದಿನದಿಂದ? "ಏಳು ತಿಂಗಳಿಂದ" ಅಂದಾಗ ಅವರು ಪೆನ್ನು ಕೆಳಗಿಟ್ಟರು. "ಯಾಕಮ್ಮ ಇಷ್ಟು ದಿನ ಬರಲಿಲ್ಲ?"

ಏನು ಹೇಳಲಿ? ಯಾರಿಗಾದರೂ ಹೇಳಿದ್ದರೆ ತಾನೆ ಯಾರಾದರೂ ಡಾಕ್ಟರ್ ಹತ್ತಿರ ಕಳಿಸುತ್ತಿದ್ದದ್ದು?

ಕರುಳಿನೊಳಗೆ ಆಗುವುದೇನು?

ಕೊಲೊನೋಸ್ಕೋಪಿ ಆಯಿತು. ಅದಕ್ಕಿಂತ ಕಷ್ಟ ಅದರ ಹಿಂದಿನ ರಾತ್ರಿ. ಕರುಳು ಖಾಲಿ ಮಾಡಲು ಪುಡಿ ಕಲಸಿದ ನೀರನ್ನು ಲೀಟರ್‌ಗಟ್ಟಲೆ ಕುಡಿಯಬೇಕು. ಬಯಾಪ್ಸಿ ರಿಪೋರ್ಟ್ ಬಂದಾಗ ಹೆಸರು ಸಿಕ್ಕಿತು: ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುವ ಕಾಯಿಲೆ. ಗುದದ್ವಾರದ ಹತ್ತಿರದಿಂದ ಶುರುವಾಗಿ ಮೇಲಕ್ಕೆ ಹರಡುತ್ತದೆ. ಇದರ ಜೊತೆಯಲ್ಲೇ ಹೇಳುವ ಇನ್ನೊಂದು ಕಾಯಿಲೆ ಕ್ರೋನ್ಸ್. ಅದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಎರಡಕ್ಕೂ ಸೇರಿ ಐಬಿಡಿ ಅನ್ನುತ್ತಾರೆ. ಐಬಿಎಸ್ ಬೇರೆ. ಅದರಲ್ಲಿ ನೋವು, ಬೇದಿ, ಮಲಬದ್ಧತೆ ಎಲ್ಲ ನಿಜವಾದ ತೊಂದರೆಗಳೇ, ಆದರೆ ಕರುಳಿನಲ್ಲಿ ಹುಣ್ಣಾಗುವುದಿಲ್ಲ, ರಕ್ತ ಬೀಳುವುದಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಇದೆ. ಕರುಳಿನ ಟಿಬಿ ನೋಡಲು ಕ್ರೋನ್ಸ್ ಥರವೇ ಇರುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸದೆ ಯಾರೋ ಹೇಳಿದ ಔಷಧಿ ತಿನ್ನುವುದು ಅಪಾಯ.

ಯಾಕೆ ಬಂತು? ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕರುಳಿನಲ್ಲೇ ಉರಿಯೂತ ಎಬ್ಬಿಸುತ್ತದೆ. ವಂಶವಾಹಿ, ಸುತ್ತಲಿನ ಪರಿಸರ, ಕರುಳಿನ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಆಗುವಂಥದ್ದು. ನಾನು ತಿಂದ ಪಾನಿಪುರಿಯಿಂದ ಬಂದದ್ದಲ್ಲ. ಟೆನ್ಶನ್ ಒಂದರಿಂದಲೇ ಬರುವುದೂ ಅಲ್ಲ, ಆದರೆ ಟೆನ್ಶನ್ ಇದ್ದಾಗ ಹಲವರಿಗೆ ಜಾಸ್ತಿ ಆಗುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೆಚ್ಚಿನವರಲ್ಲಿ 15ರಿಂದ 35 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಅಂದರೆ ಓದು, ಕೆಲಸ, ಮದುವೆ ಎಲ್ಲ ಒಟ್ಟಿಗೆ ಬರುವ ವಯಸ್ಸಿನಲ್ಲೇ.

ಮಾತ್ರೆಯಿಂದ ಬುಡಸಮೇತ ಹೋಗುವ ಕಾಯಿಲೆ ಇದಲ್ಲ. ಆದರೆ ಹತೋಟಿಯಲ್ಲಿಡಬಹುದು. ನನಗೆ ಮೆಸಲಮೀನ್ ಮಾತ್ರೆ, ಉಲ್ಬಣಿಸಿದಾಗ ಸ್ವಲ್ಪ ದಿನ ಸ್ಟೀರಾಯ್ಡ್. ಇದಕ್ಕೆ ಬಗ್ಗದಿದ್ದರೆ ಬೇರೆ ಔಷಧಿಗಳಿವೆ, ಕೆಲವರಿಗೆ ಆಪರೇಷನ್ ಕೂಡ ಬೇಕಾಗುತ್ತದೆ. ಆರಾಮಾಗಿದ್ದೀನಲ್ಲ ಅಂತ ಒಂದು ಸಲ ನಾನೇ ಮಾತ್ರೆ ಬಿಟ್ಟೆ. ಎರಡೇ ತಿಂಗಳಿಗೆ ಮತ್ತೆ ರಕ್ತ. ಆಮೇಲೆ ಬಿಟ್ಟಿಲ್ಲ.

ಸುಳ್ಳುಗಳ ಲೆಕ್ಕ

ಕಾಯಿಲೆಗೆ ಹೆಸರು ಸಿಕ್ಕ ಮೇಲೂ ಒಂದು ವರ್ಷ ನಾನು ಸುಳ್ಳು ಹೇಳಿಕೊಂಡೇ ಬದುಕಿದೆ. ಬೆಳಗ್ಗೆ ಹತ್ತರ ಮೀಟಿಂಗ್‌ಗೆ "ನೆಟ್‌ವರ್ಕ್ ಇಲ್ಲ". ಟೀಮಿನವರ ಜೊತೆ ಸಕಲೇಶಪುರ ಟ್ರಿಪ್‌ಗೆ "ಮನೇಲಿ ಪೂಜೆ". ಊರಿಗೆ ಬಸ್ಸು ಬಿಟ್ಟು ರೈಲಿನಲ್ಲೇ ಯಾಕೆ ಹೋಗ್ತೀಯ ಅಂದರೆ "ಕಡಿಮೆ ಆಗುತ್ತೆ". ನಿಜವಾದ ಕಾರಣ, ರೈಲಿನಲ್ಲಿ ಬಾತ್‌ರೂಮ್ ಇರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕ್ಯಾಬ್ ನಿಂತರೆ ನಾನು ನೋಡುತ್ತಿದ್ದದ್ದು ಸಿಗ್ನಲ್ ಅಲ್ಲ, ಹತ್ತಿರದ ಹೋಟೆಲ್ ಯಾವುದು ಅಂತ.

ಒಂದು ಸುಳ್ಳಿಗೆ ಇನ್ನೊಂದು ಬೇಕಾಗುತ್ತಿತ್ತು. ಯಾರಿಗೆ ಏನು ಹೇಳಿದ್ದೆ ಅಂತ ನೆನಪಿಡುವುದೇ ಇನ್ನೊಂದು ಕೆಲಸವಾಯಿತು. ಆ ವರ್ಷದ ಅಪ್ರೈಸಲ್‌ನಲ್ಲಿ "ಕೆಲಸ ಚೆನ್ನಾಗಿದೆ, ಆಸಕ್ತಿ ಕಡಿಮೆ" ಅಂತ ಬರೆದಿದ್ದರು. ಓದಿ ಅತ್ತೆ. ಆಸಕ್ತಿ ಇಲ್ಲದವಳು ಬೆಳಗ್ಗೆ ಐದಕ್ಕೆ ಎದ್ದು, ಹೊಟ್ಟೆ ಖಾಲಿಯಾಗುವವರೆಗೂ ಕಾದು, ಒಂಬತ್ತೂವರೆಗೆ ಆಫೀಸ್ ಮುಟ್ಟುತ್ತಾಳಾ?

ಅದೇ ದಿನಗಳಲ್ಲಿ ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ ಬಗ್ಗೆ ಓದಿದೆ. ಅವರಿಗೂ ಇದೇ ಕಾಯಿಲೆ, ಅದೂ ಹದಿಹರೆಯದಿಂದ. 2007ರಲ್ಲಿ ಒಂದೇ ವರ್ಷಕ್ಕೆ ಹುದ್ದೆ ಬಿಟ್ಟವರು 2012ರಲ್ಲಿ ಮತ್ತೆ ಪ್ರಧಾನಿಯಾಗಿ, ಆ ದೇಶದಲ್ಲಿ ಅತಿ ಹೆಚ್ಚು ಕಾಲ ಆ ಹುದ್ದೆಯಲ್ಲಿದ್ದವರು ಅನ್ನಿಸಿಕೊಂಡರು. ಕಾಯಿಲೆ ಮರುಕಳಿಸಿದಾಗ, 2020ರ ಆಗಸ್ಟ್ 28ರಂದು, ಪತ್ರಕರ್ತರ ಮುಂದೆ ಕಾಯಿಲೆಯ ಹೆಸರು ಹೇಳಿಯೇ ರಾಜೀನಾಮೆ ಪ್ರಕಟಿಸಿದರು. ಒಂದು ದೇಶದ ಪ್ರಧಾನಿ ಜಗತ್ತಿನ ಮುಂದೆ ಹೇಳಿದ್ದನ್ನು ನಾನು ಒಬ್ಬ ಮ್ಯಾನೇಜರ್‌ಗೆ ಹೇಳಲಾರೆನಾ ಅನ್ನಿಸಿತು.

ಒಂದು ವಾಕ್ಯ ಸಾಕಿತ್ತು

ಹೇಳುವ ಮುಂಚೆ ಮೂರು ದಿನ ರಿಹರ್ಸಲ್ ಮಾಡಿದೆ. ದೊಡ್ಡಪ್ಪನ ಶುಗರ್ ಮಾತು ನೆನಪಾಯಿತು. ಅವರು ಮೇದೋಜೀರಕ ಗ್ರಂಥಿಯ ಕಥೆ ಹೇಳಲಿಲ್ಲವಲ್ಲ. ಏನಿದೆ, ಏನು ಬೇಕು, ಅಷ್ಟೇ ಹೇಳಿದ್ದರು. ನಾನೂ ಅದೇ ಅಳತೆಯಲ್ಲಿ ವಾಕ್ಯ ಕಟ್ಟಿದೆ: "ಸರ್, ನಂಗೆ ಕರುಳಿನಲ್ಲಿ ಹುಣ್ಣಾಗೋ ಕಾಯಿಲೆ ಇದೆ, ಟ್ರೀಟ್‌ಮೆಂಟ್ ನಡೀತಿದೆ. ಕೆಲವು ದಿನ ಬೆಳಗ್ಗೆ ಕಷ್ಟ ಆಗುತ್ತೆ, ಮೀಟಿಂಗ್ ಹನ್ನೊಂದಕ್ಕೆ ಇಟ್ಟರೆ ಅನುಕೂಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದಾ ವಿಷಯ? ನೀವು ಬೇರೆ ಕಡೆ ಇಂಟರ್‌ವ್ಯೂ ಕೊಡ್ತಿದ್ದೀರ ಅಂದ್ಕೊಂಡಿದ್ದೆ" ಅಂದರು. ಮೀಟಿಂಗ್ ಹನ್ನೊಂದಕ್ಕೆ ಹೋಯಿತು. ಅದರಿಂದ ಟೀಮಿನ ಇನ್ನಿಬ್ಬರಿಗೂ ಖುಷಿಯಾಯಿತು, ಅವರಿಗೆ ಮಕ್ಕಳನ್ನು ಸ್ಕೂಲಿಗೆ ಬಿಡುವುದಿತ್ತು.

ಎಲ್ಲ ಕಡೆ ಹೀಗೆ ಸುಸೂತ್ರ ಆಗಲಿಲ್ಲ. ಒಬ್ಬ ಸಹೋದ್ಯೋಗಿ ನಾನು ಸೀಟಿನಿಂದ ಎದ್ದಾಗೆಲ್ಲ ಕಣ್ಣು ಹೊಡೆದು ನಗುತ್ತಿದ್ದ. ಇನ್ನೊಬ್ಬರು ದಿನಕ್ಕೊಂದು ಮನೆಮದ್ದಿನ ವಿಡಿಯೊ ಕಳಿಸಿದರು. ಆಗ ಗೊತ್ತಾಯಿತು, ಎಲ್ಲರಿಗೂ ಎಲ್ಲವನ್ನೂ ಹೇಳಬೇಕಿಲ್ಲ. ಮ್ಯಾನೇಜರ್‌ಗೆ ಸಮಯದ ವಿಷಯ. ರೂಮ್‌ಮೇಟ್‌ಗೆ "ರಾತ್ರಿ ಬಾತ್‌ರೂಮ್ ಬಾಗಿಲು ತಟ್ಟಿದರೆ ಬೇಗ ಬಾ". ಗೆಳತಿಯರಿಗೆ "ಹೋಟೆಲ್ ನಾನು ಹೇಳ್ತೀನಿ". ಡಾಕ್ಟರ್‌ಗೆ ಮಾತ್ರ ಏನನ್ನೂ ಮುಚ್ಚಿಡಬಾರದು. ಎಷ್ಟು ಸಲ, ಎಷ್ಟು ರಕ್ತ, ಯಾರು ಯಾವ ಕಷಾಯ ಕೊಟ್ಟರು, ತಲೆನೋವಿಗೆ ಯಾವ ಮಾತ್ರೆ ನುಂಗಿದೆ, ಎಲ್ಲವೂ. ಕೆಲವು ನೋವಿನ ಮಾತ್ರೆಗಳೇ ಈ ಕಾಯಿಲೆಯನ್ನು ಕೆರಳಿಸಬಹುದು.

ಜಾತಕ ಕೂಡಿಬರಲಿಲ್ಲ

ಎಲ್ಲಕ್ಕಿಂತ ಕಷ್ಟವಾದದ್ದು ಮದುವೆ ಮಾತು. "ಈಗ್ಲೇ ಯಾಕೆ ಹೇಳ್ಬೇಕು? ಮದುವೆ ಆದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು" ಅಂದಳು ಅಮ್ಮ. ಅವಳ ಭಯ ನನಗೆ ಅರ್ಥವಾಗುತ್ತದೆ. ಆದರೆ ದಿನಾ ಬೆಳಗ್ಗೆ ಒಂದೇ ಮನೆಯಲ್ಲಿ ಏಳುವವನಿಂದ ಮಾತ್ರೆ ಡಬ್ಬಿ ಮುಚ್ಚಿಡುವುದು ನನ್ನಿಂದಾಗದು. ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಂಡಿದ್ದೆ. ಕಾಯಿಲೆ ಹತೋಟಿಯಲ್ಲಿದ್ದಾಗ ಗರ್ಭ ಧರಿಸಿದರೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ಮೊದಲ ಹುಡುಗನಿಗೆ ಇದನ್ನೆಲ್ಲ ಕಾಫಿ ಕುಡಿಯುತ್ತಾ ಹೇಳಿದೆ. ಚೆನ್ನಾಗಿಯೇ ಕೇಳಿಸಿಕೊಂಡ. ಎರಡು ದಿನ ಬಿಟ್ಟು ಅವರ ಮನೆಯಿಂದ ಫೋನ್ ಬಂತು: ಜಾತಕ ಕೂಡಿಬರಲಿಲ್ಲವಂತೆ. ಜಾತಕ ಕೂಡಿದ ಮೇಲೇ ನಾವು ಭೇಟಿಯಾಗಿದ್ದು! ಅಮ್ಮ ಅವತ್ತು ರಾತ್ರಿ ಊಟ ಮಾಡಲಿಲ್ಲ. ನನಗೂ ನೋವಾಯಿತು, ಸುಳ್ಳು ಹೇಳಲ್ಲ. ಆದರೆ ಈ 'ಬೇಡ' ಮದುವೆಯಾಗಿ ಆರು ತಿಂಗಳಿಗೆ ಬಂದಿದ್ದರೆ? ಇನ್ನೂ ಮದುವೆ ಆಗಿಲ್ಲ. ಈಗ ಅಮ್ಮನೇ ಬ್ರೋಕರ್‌ಗೆ ಮೊದಲ ಫೋನಿನಲ್ಲೇ "ನಮ್ಮ ಹುಡುಗೀಗೆ ಕರುಳಿನ ತೊಂದರೆ ಇದೆ, ಔಷಧಿ ತಗೋತಾಳೆ, ಕೆಲಸಕ್ಕೆ ಹೋಗ್ತಾಳೆ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾಳೆ.

ಕೈ ತೊಳೆಯುವ ಜಾಗದಲ್ಲಿ

ಕಳೆದ ವರ್ಷ ಅತ್ತೆಯ ಮನೆಯ ಗೃಹಪ್ರವೇಶ. ಪಂಕ್ತಿಯ ಕೊನೆಯಲ್ಲಿ, ಬಾಗಿಲ ಪಕ್ಕ ಕೂತೆ. ಕೋಸಂಬರಿ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನಂಗೆ ಕರುಳಲ್ಲಿ ಹುಣ್ಣಿದೆ, ಹಸಿ ತರಕಾರಿ, ಖಾರ ಆಗಲ್ಲ. ಅನ್ನ ಮೊಸರು ಹಾಕಿ" ಅಂದೆ. ದನಿ ಸ್ವಲ್ಪ ನಡುಗಿತು. ಎದುರಿನ ಸಾಲಿನಲ್ಲಿ ಇಬ್ಬರು ತಲೆ ಎತ್ತಿ ನೋಡಿದರು. ಅತ್ತೆ ಅಡುಗೆಮನೆಯತ್ತ ತಿರುಗಿ, "ಅವಳಿಗೆ ಗಟ್ಟಿ ಮೊಸರು ತನ್ರೋ" ಅಂತ ಕೂಗಿದರು. ಅಷ್ಟೇ.

ಊಟವಾಗಿ ಕೈ ತೊಳೆಯುವಾಗ ದೊಡ್ಡಪ್ಪ ಪಕ್ಕಕ್ಕೆ ಬಂದರು. ಅದೇ ಶುಗರ್ ದೊಡ್ಡಪ್ಪ. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ನಲ್ಲಿಯ ಸದ್ದಿನಲ್ಲಿ ಮುಳುಗುವಷ್ಟು ಮೆಲ್ಲಗೆ ಕೇಳಿದರು, "ಮಗಾ, ನಿಂಗೆ ಮೊದಲು ರಕ್ತ ಬೀಳ್ತಿತ್ತಾ? ನಂಗೂ ನಾಲ್ಕು ತಿಂಗಳಿಂದ... ನಿಮ್ಮ ದೊಡ್ಡಮ್ಮಂಗೂ ಹೇಳಿಲ್ಲ. ಮೂಲವ್ಯಾಧಿ ಇರ್ಬೇಕು ಬಿಡು."

ಇಡೀ ಸಾಲಿಗೆ ಶುಗರ್ ಲೆಕ್ಕ ಹೇಳುವ ಮನುಷ್ಯ!

"ಇರಬಹುದು ದೊಡ್ಡಪ್ಪ. ಆದ್ರೆ ನೋಡದೆ ಹೇಳೋಕಾಗಲ್ಲ, ನಿಮ್ಮ ವಯಸ್ಸಲ್ಲಂತೂ ನೋಡಿಸಲೇಬೇಕು" ಅಂದೆ. ಮಲದಲ್ಲಿ ರಕ್ತ, ರಾತ್ರಿ ನಿದ್ದೆ ಕೆಡಿಸಿ ಎಬ್ಬಿಸುವ ಬೇದಿ, ಕಾರಣವಿಲ್ಲದೆ ಇಳಿಯುವ ತೂಕ, ವಾರಗಟ್ಟಲೆ ಬಿಡದ ಹೊಟ್ಟೆನೋವು, ಇದರಲ್ಲಿ ಯಾವುದಿದ್ದರೂ ಮುಲಾಮು, ಕಷಾಯ ಅಂತ ಕೂರಬಾರದು. ಸೋಂಕಾಗಿರಬಹುದು, ಮೂಲವ್ಯಾಧಿ ಆಗಿರಬಹುದು, ನನ್ನ ಥರದ್ದಿರಬಹುದು, ಕ್ಯಾನ್ಸರ್ ಕೂಡ ಆಗಿರಬಹುದು. ನನಗೇ ಕಾಯಿಲೆ ಶುರುವಾಗಿ ಎಂಟು ವರ್ಷ ಆದ ಮೇಲೆ ಕ್ಯಾನ್ಸರ್ ಸುಳಿವಿದೆಯಾ ಅಂತ ಆಗಾಗ ಕೊಲೊನೋಸ್ಕೋಪಿ ಮಾಡಿಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ.

ಮುಂದಿನ ಸೋಮವಾರ ದೊಡ್ಡಪ್ಪನನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಬಂದೆ. ಹಿಂದಿನ ರಾತ್ರಿಯ ಪುಡಿ ನೀರಿಗೆ ಏಲಕ್ಕಿ ಹಾಕಬಹುದಾ ಅಂತ ಮೂರು ಸಲ ಕೇಳಿದರು. ಡಾಕ್ಟರ್ ಒಳಗೆ ಕರೆದಾಗ ನಾನು ಹೊರಗೇ ಕೂತೆ. ಬಾಗಿಲು ಪೂರ್ತಿ ಹಾಕಿರಲಿಲ್ಲ. "ಎಷ್ಟು ದಿನದಿಂದ?" ಅಂದದ್ದು ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ದೊಡ್ಡಪ್ಪ ತಮ್ಮ ಎಂದಿನ ದನಿಯಲ್ಲೇ ಹೇಳತೊಡಗಿದರು.

ರಿಪೋರ್ಟಿನಲ್ಲಿ ಏನು ಬಂತು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ದೊಡ್ಡಪ್ಪನ ವಿಷಯ, ಅವರೇ ಹೇಳಬೇಕು. ದೊಡ್ಡಮ್ಮನಿಗೆ ಮಾತ್ರ ಅವತ್ತು ಸಂಜೆಯೇ, ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಫೋನ್ ಮಾಡಿ ಹೇಳಿದರು.