ಟೆಂಟ್ ಇದೆ, ಜಾಗ ಎಲ್ಲಿದೆ?

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಎಷ್ಟೋ ಮನೆಗಳ ಅಟ್ಟದ ಮೇಲೆ ಈಗ ಹೊಸ ಸಾಮಾನೊಂದು ಸೇರಿಕೊಂಡಿದೆ: ಮಡಚಿಟ್ಟ ಟೆಂಟ್. ಆನ್‌ಲೈನ್‌ನಲ್ಲಿ ಆಫರ್ ನೋಡಿ ತರಿಸಿಕೊಂಡದ್ದು. ಮಕ್ಕಳು ಹಾಲ್‌ನಲ್ಲೇ ಅದನ್ನು ಬಿಚ್ಚಿ ಎರಡು ದಿನ ಆಟ ಆಡುತ್ತಾರೆ, ಆಮೇಲೆ ಅದು ಅಟ್ಟ ಸೇರುತ್ತದೆ. ರೆಸಾರ್ಟ್‌ಗೆ ಹೋದರೆ ತಲೆಗೆ ಇಷ್ಟು ಅಂತ ದುಡ್ಡು. ಹಾಗಾಗಿ ಯಲಹಂಕ ಉಪನಗರದ ನಮ್ಮ ಬೀದಿಯಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ: "ನೀವು ಆ ಕಡೆಯೆಲ್ಲ ಸುತ್ತುತ್ತೀರಲ್ಲ, ರಸ್ತೆ ಪಕ್ಕದಲ್ಲೇ ಪುಕ್ಕಟೆ ಟೆಂಟ್ ಹಾಕೋ ಜಾಗ ಯಾವುದಾದ್ರೂ ಇದ್ಯಾ?"

ಈ ಆಸೆ ಹುಟ್ಟಿಸಿದ್ದು ಅಮೆರಿಕದ ವಿಡಿಯೊಗಳು. ಅಲ್ಲಿ ಫೆಡರಲ್ ಸರ್ಕಾರದ ಕಾಡು, ಬಯಲುಗಳ ಬಹುಪಾಲು ಕಡೆ ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಸಾಮಾನ್ಯವಾಗಿ 14 ದಿನದವರೆಗೆ ಬಿಟ್ಟಿಯಾಗಿ ಬಿಡಾರ ಹೂಡಬಹುದು. ನಮ್ಮಲ್ಲಿ ಅಂಥ ಹಕ್ಕು ಕೊಡುವ ಕಾನೂನಿಲ್ಲ. "ಸರ್ಕಾರಿ ಜಾಗ ಅಂದ್ರೆ ನಮ್ಮೆಲ್ಲರ ಜಾಗ" ಅನ್ನುವ ಮಾತು ಕೇಳಲು ಚೆನ್ನ, ಆದರೆ ಅದನ್ನು ನಂಬಿ ಗೂಟ ಹೊಡೆಯೋಕಾಗಲ್ಲ.

ಎಲ್ಲಿ ಬೇಡ?

ಮೊದಲು ಎಲ್ಲರ ಬಾಯಲ್ಲಿರುವ ಹೆಸರುಗಳು. ನಂದಿಬೆಟ್ಟದ ಮೇಲೆ ರಾತ್ರಿ ಉಳಿಯಬೇಕಾದರೆ ರೂಮು ಬುಕ್ ಮಾಡಿರಬೇಕು, ಟೆಂಟ್ ನಡೆಯಲ್ಲ. ಸ್ಕಂದಗಿರಿ, ಮಾಕಳಿದುರ್ಗ ಎರಡೂ ಅರಣ್ಯ ಇಲಾಖೆಯವು. ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದುಕೊಂಡು ಹತ್ತಿ ಇಳಿಯಬಹುದು ಅಷ್ಟೇ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಕಾಲಿಡುವುದು, ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಫೆಬ್ರುವರಿ ಬಂತೆಂದರೆ ಆ ಗುಡ್ಡಗಳ ಹುಲ್ಲು ಒಣಗಿ ಕಾಗದದಂತಾಗಿರುತ್ತದೆ, ಒಂದು ಕಿಡಿ ಸಾಕು.

ಹೆಸರಘಟ್ಟದ ಹುಲ್ಲುಗಾವಲು ನೋಡಿದರೆ ಟೆಂಟ್‌ಗೆಂದೇ ಹಾಸಿಟ್ಟ ಹಾಗೆ ಕಾಣುತ್ತದೆ. ಆದರೆ ಅಲ್ಲಿ ನೆಲಗುಬ್ಬಿಯಂಥ ಹಕ್ಕಿಗಳು ನೆಲದ ಮೇಲೆಯೇ ಗೂಡು ಕಟ್ಟುತ್ತವೆ. ಹುಲ್ಲಿನ ಬಣ್ಣದ ಮೊಟ್ಟೆ ನಮ್ಮ ಕಣ್ಣಿಗೆ ಬೀಳುವ ಮೊದಲೇ ಕಾಲಡಿ ಸಿಕ್ಕಿರುತ್ತದೆ. ಬೆಳಗ್ಗೆ ಹೋಗಿ, ದಾರಿ ಬಿಡದೆ ನಡೆದು ಬನ್ನಿ, ಸಾಕು.

ಗೋಮಾಳವೂ ಖಾಲಿ ಜಾಗವಲ್ಲ. ಅದು ಊರ ದನಕರು ಮೇಯಲೆಂದು ಕಾದಿರಿಸಿದ ನೆಲ.

ಹಾಗಾದರೆ ಗುಂಡುತೋಪು?

ರಸ್ತೆ ಬದಿಯ ಪುಕ್ಕಟೆ ಬಿಡಾರ ನಮಗೆ ಹೊಸದೇನೂ ಅಲ್ಲ. ಅದರ ಹೆಸರು ಗುಂಡುತೋಪು. ಹಳೇ ಮೈಸೂರು ಸೀಮೆಯಲ್ಲಿ ಊರಾಚೆ, ಸಾಮಾನ್ಯವಾಗಿ ದಾರಿಯ ಹತ್ತಿರವೇ, ಮಾವು, ಹುಣಸೆ, ಹೊಂಗೆ, ನೇರಳೆ, ಹಲಸು ನೆಟ್ಟು ಬೆಳೆಸುತ್ತಿದ್ದರು. ಎಷ್ಟೋ ಕಡೆ ಪಕ್ಕದಲ್ಲೇ ಒಂದು ಬಾವಿ ಅಥವಾ ಕಟ್ಟೆ, ಬೇಸಿಗೆಯಲ್ಲಿ ಅರವಟ್ಟಿಗೆ. ಸಂತೆಗೆ, ಜಾತ್ರೆಗೆ ಹೊರಟವರು ಎತ್ತು ಬಿಚ್ಚಿ, ಮೂರು ಕಲ್ಲಿಟ್ಟು ಮುದ್ದೆ ಬೇಯಿಸಿ, ಗಾಡಿಯ ಕೆಳಗೇ ಮಲಗಿ ಬೆಳಗ್ಗೆ ಹೊರಡುತ್ತಿದ್ದರು. ನೆರಳು ಊರಿನದು, ಆದರೆ ದಾರಿಹೋಕನಿಗೆ ಇಲ್ಲ ಅನ್ನುತ್ತಿರಲಿಲ್ಲ.

ಬೆಂಗಳೂರಿನ ಅಂಚಿನ ಈ ತೋಪುಗಳ ಬಗ್ಗೆ ಹರಿಣಿ ನಾಗೇಂದ್ರ, ಸೀಮಾ ಮುಂಡೋಳಿ ಮುಂತಾದ ಸಂಶೋಧಕರು ಬರೆದಿದ್ದಾರೆ. ಗಾಡಿಗಳು ಹೋದವು, ತೋಪಿನ ಮೇಲೆ ಬೇರೆಯವರ ಕಣ್ಣು ಬಿತ್ತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಕಡೆ ನೆಲದ ಬೆಲೆ ಹೇಗೆ ಏರಿತೆಂದು ನಾನು ಹೇಳಬೇಕಿಲ್ಲ. ಕೆಲವು ತೋಪುಗಳಲ್ಲಿ ಶಾಲೆ, ಸಮುದಾಯ ಭವನ ಎದ್ದವು. ಕೆಲವು ಯಾರದೋ ಬೇಲಿಯೊಳಗೆ ಹೋದವು. ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ. ಉಳಿದಿರುವ ತೋಪುಗಳು ಉಳಿಯಬೇಕಾದರೆ ಅದು ತೋಪು ಅಂತ ನಾಲ್ಕು ಜನಕ್ಕೆ ಗೊತ್ತಿರಬೇಕು.

ಪಹಣಿ ನೋಡಿ, ಊರು ಕೇಳಿ

ಹುಡುಕುವುದು ಕಷ್ಟವಿಲ್ಲ. ಸರ್ಕಾರದ 'ದಿಶಾಂಕ್' ಆ್ಯಪ್ ಮೊಬೈಲ್‌ನಲ್ಲಿ ಹಾಕಿಕೊಳ್ಳಿ. ನೀವು ನಿಂತಿರುವ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಆ ನಂಬರನ್ನು 'ಭೂಮಿ' ವೆಬ್‌ಸೈಟ್‌ನಲ್ಲಿ ಹಾಕಿದರೆ ಪಹಣಿ ಸಿಗುತ್ತದೆ. ಅದರಲ್ಲಿ ಖಾಸಗಿ ಹೆಸರಿದ್ದರೆ ಮಾಲೀಕರನ್ನು ಕೇಳದೆ ಇಳಿಯಬೇಡಿ. ಅರಣ್ಯ ಎಂದಿದ್ದರೆ ವಾಪಸ್ ಬನ್ನಿ. ಗುಂಡುತೋಪು ಎಂದಿದ್ದರೆ ಮುಂದಿನ ಹೆಜ್ಜೆ ಇಡಬಹುದು. ಪಹಣಿಯಲ್ಲಿ 'ಬಿ ಖರಾಬು' ಅಂತಲೂ ಕಾಣಬಹುದು. ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಮಲಗುವುದಕ್ಕಲ್ಲ.

ಮುಂದಿನ ಹೆಜ್ಜೆ ಅಂದರೆ ಊರನ್ನು ಕೇಳುವುದು. ದೊಡ್ಡಬಳ್ಳಾಪುರದ ಕಡೆ ಒಂದು ತೋಪಿಗೆ ನಾವು ಸಂಜೆ ನಾಲ್ಕಕ್ಕೇ ಹೋಗಿ, ಮೊದಲು ಪಂಚಾಯಿತಿ ಸದಸ್ಯರನ್ನು ಹುಡುಕಿದೆವು. ಅವರು ಅರಳಿಕಟ್ಟೆಯ ಹಿರಿಯರನ್ನು ತೋರಿಸಿದರು. "ಯಾವೂರು? ಎಷ್ಟು ಜನ? ಕುಡಿಯೋರು ಯಾರಾದ್ರೂ ಅವ್ರಾ?" ಮೂರೇ ಪ್ರಶ್ನೆ. ಆಮೇಲೆ ಒಂದು ಎಚ್ಚರಿಕೆ: "ಹುಣಸೇಹಣ್ಣು ಹರಾಜಾಗೈತೆ, ಮರ ಅಲ್ಲಾಡಿಸ್ಬ್ಯಾಡಿ." ತೋಪಿನ ಫಸಲನ್ನು ಹರಾಜು ಹಾಕಿ ಆ ದುಡ್ಡನ್ನು ಊರ ಕೆಲಸಕ್ಕೆ ಬಳಸುವುದು ಹಳೇ ಪದ್ಧತಿ. ನಮಗೆ ಬಿಟ್ಟಿ ಅನ್ನಿಸಿದ ಜಾಗಕ್ಕೆ ಊರಿನಲ್ಲಿ ಪೈಸೆ ಪೈಸೆಯ ಲೆಕ್ಕ ಇರುತ್ತದೆ ಅಂತ ಆವತ್ತು ಗೊತ್ತಾಯಿತು. ರಾತ್ರಿ ಹತ್ತಕ್ಕೆ ಆ ಹಿರಿಯರೇ ಟಾರ್ಚ್ ಹಿಡಿದು ಬಂದು ನೋಡಿಕೊಂಡು ಹೋದರು. ಯಾವ ರೆಸಾರ್ಟ್‌ನ ಸೆಕ್ಯುರಿಟಿಯೂ ನಮಗೆ ಅಷ್ಟು ಧೈರ್ಯ ಕೊಟ್ಟಿರಲಿಲ್ಲ. ಇನ್ನೊಂದು ಊರಲ್ಲಿ "ಬ್ಯಾಡ ಸ್ವಾಮಿ, ಚಿರತೆ ಓಡಾಡ್ತೈತೆ" ಅಂದರು. ಎರಡನೇ ಮಾತಾಡದೆ ಮನೆಗೆ ಬಂದೆವು.

ಮಲಗುವ ಮುಂಚೆ

ಟೆಂಟ್‌ನ ಜಿಪ್ ಪೂರ್ತಿ ಎಳೆಯಿರಿ, ಚಪ್ಪಲಿ ಒಳಗಿಡಿ. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಎಲ್ಲಿದೆ ಎಂದು ಮೊದಲೇ ತಿಳಿದುಕೊಂಡಿರಿ. ಏಪ್ರಿಲ್, ಮೇ ತಿಂಗಳ ಸಂಜೆ ಸಿಡಿಲು ಜಾಸ್ತಿ. ಗುಡುಗು ಕೇಳಿದೊಡನೆ ಮರದಡಿಯಿಂದ ಎದ್ದು ಕಾರಿನೊಳಗೆ ಕೂರಿ. ಕೆರೆಯಂಗಳ ಎಷ್ಟೇ ಒಣಗಿದ್ದರೂ ಅಲ್ಲಿ ಬೇಡ. ಬೆಂಕಿ ಬೇಡ, ಊಟ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ. ತುರ್ತು ನಂಬರ್ 112 ನೆನಪಿರಲಿ. ಕಸ ನಿಮ್ಮದಷ್ಟೇ ಅಲ್ಲ, ಬೇರೆಯವರು ಬಿಸಾಕಿದ್ದನ್ನೂ ಒಂದು ಚೀಲ ತುಂಬಿಕೊಂಡು ಬಂದರೆ ಮುಂದಿನ ಸಲ ಕೇಳುವಾಗ ಊರವರು ಬೇಡ ಅನ್ನುವುದಿಲ್ಲ.

ಮೊದಲ ಸಲವೇ ರಾತ್ರಿ ಉಳಿಯಲು ಅಳುಕಿದ್ದರೆ ಡಿಸೆಂಬರ್–ಜನವರಿಯಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ನೋಡಿ. ರೈತರು ಹಳ್ಳಿಕಾರ್ ಎತ್ತುಗಳನ್ನು ಸಾಲಾಗಿ ಕಟ್ಟಿ, ಪೆಂಡಾಲ್ ಹಾಕಿಕೊಂಡು, ದಿನಗಟ್ಟಲೆ ಬಯಲಲ್ಲೇ ಉಂಡು ಮಲಗುತ್ತಾರೆ. ಸಂಜೆ ಅಲ್ಲಿ ಅರ್ಧ ಗಂಟೆ ಕೂತು ಮಾತಾಡಿಸಿ. ಅವರ ಊರಿನ ತೋಪು ಇನ್ನೂ ಇದೆಯಾ ಅಂತ ಕೇಳಿ. ಇದೆ ಅಂದರೆ ಯಾರನ್ನು ಕೇಳಬೇಕು ಅನ್ನುವುದನ್ನೂ ಅವರೇ ಹೇಳುತ್ತಾರೆ.