ಯಕ್ಷಗಾನದ ಮುಖವರ್ಣಿಕೆ: ಕಣ್ಣು-ಕೆನ್ನೆಗಳ ಬಣ್ಣಗಾರಿಕೆಯಲ್ಲಿ ಅಚ್ಚುಕಟ್ಟಿನ ಅರ್ಥ

೧

ಯಕ್ಷಗಾನ ಬಯಲಾಟದ ಆಹಾರ್ಯವನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ಕಿರೀಟ, ಮುಂಡಾಸು, ಎದೆಕಟ್ಟು, ಭುಜಕೀರ್ತಿ ಮೊದಲಾದ ವೇಷಭೂಷಣಗಳ ಸುತ್ತ ಬೆಳೆದು ಬಂದಿದೆ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' (೧೯೫೭) ಈ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. ೧೯೫೯ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದುದರಿಂದ ಜನಪದ ರಂಗಭೂಮಿಯೊಂದರ ಶಾಸ್ತ್ರೀಯ ಅಧ್ಯಯನಕ್ಕೆ ವಿದ್ವತ್ ವಲಯದಲ್ಲಿ ಮನ್ನಣೆಯೂ ದೊರೆಯಿತು. ಮುಂದೆ ಮಾರ್ತಾ ಆ್ಯಷ್ಟನ್ ಮತ್ತು ಬ್ರೂಸ್ ಕ್ರಿಸ್ಟಿ ಅವರ ಇಂಗ್ಲಿಷ್ ಗ್ರಂಥ (೧೯೭೭) ಈ ಕಲೆಯನ್ನು ಹೊರನಾಡಿನ ಓದುಗರಿಗೆ ಪರಿಚಯಿಸಿತು. ಆದರೆ ಇಂದಿಗೂ ನಮ್ಮ ಗ್ರಂಥಾಲಯಗಳಲ್ಲಿ ಮುಖವರ್ಣಿಕೆಯ ದಾಖಲೆಯೆಂದರೆ ಬಹುಪಾಲು ಪೂರ್ಣಗೊಂಡ ಮುಖದ ಛಾಯಾಚಿತ್ರವೇ ಆಗಿದೆ. ಆ ಮುಖ ಹೇಗೆ ಮೂಡಿತು, ಯಾವ ಗೆರೆ ಮೊದಲು, ಯಾವುದು ಅನಂತರ, ಕೈ ಎಲ್ಲಿ ಊರಿತು, ಬೆಳಕು ಎತ್ತಲಿಂದ ಬಿದ್ದಿತು ಎಂಬ ವಿವರಗಳು ಛಾಯಾಚಿತ್ರದಲ್ಲಿ ಉಳಿಯುವುದಿಲ್ಲ.

ಪ್ರಸ್ತುತ ಲೇಖನವು ಕಣ್ಣು ಮತ್ತು ಕೆನ್ನೆ ಎಂಬ ಎರಡು ಅಂಗಗಳಿಗೆ ಸೀಮಿತವಾಗಿ ಈ ಪ್ರಶ್ನೆಯನ್ನು ವಿವೇಚಿಸುತ್ತದೆ. ಚೌಕಿಯಲ್ಲಿ ಒಬ್ಬ ವೇಷಧಾರಿಯ ಬಣ್ಣವನ್ನು ಮೆಚ್ಚುವಾಗ ಹಿರಿಯರು ಬಳಸುವ ಮಾತು 'ಅಚ್ಚುಕಟ್ಟು'. ಈ ಅಚ್ಚುಕಟ್ಟು ಚೆಲುವಿಗೆ ಪರ್ಯಾಯ ಪದವಲ್ಲ. ದೂರ, ಬೆಳಕು ಮತ್ತು ಪಾತ್ರ ಎಂಬ ಮೂರು ಒತ್ತಡಗಳಿಗೆ ಕಲಾವಿದನ ಕೈ ಕಂಡುಕೊಂಡ ಉತ್ತರ ಅದು ಎಂಬುದು ಇಲ್ಲಿನ ಪ್ರತಿಪಾದನೆ.

೨

ಮೊದಲಿಗೆ ಸಾಮಗ್ರಿಗಳನ್ನು ಗಮನಿಸಬಹುದು. ಸಾಂಪ್ರದಾಯಿಕ ಬಣ್ಣಗಾರಿಕೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ದೀಪದ ಮಸಿಯಿಂದ ಮಾಡಿದ ಕಾಡಿಗೆ ಬಳಕೆಯಲ್ಲಿದ್ದವು. ಇವನ್ನು ಕಲಸಲು ತೆಂಗಿನೆಣ್ಣೆ. ಉರಿಯುವ ಬತ್ತಿಯ ಮೇಲೆ ಪಾತ್ರೆಯೊಂದನ್ನು ಕವುಚಿ, ಅದರ ತಳಕ್ಕೆ ಹಿಡಿದ ಮಸಿಯನ್ನು ಕೆರೆದು ಎಣ್ಣೆಯಲ್ಲಿ ಮಿದ್ದು ಕಾಡಿಗೆ ಮಾಡುವ ಕ್ರಮ ಮನೆಮನೆಯ ಕ್ರಮವೂ ಆಗಿತ್ತು. ಹೀಗೆ ಮಗುವಿನ ಕಣ್ಣಿಗೆ ತೀಡುವ ಕಪ್ಪು ಮತ್ತು ರಾವಣನ ಕಣ್ಣಿಗೆ ತೀಡುವ ಕಪ್ಪು ಒಂದೇ ಮೂಲದವು. ಅರದಾಳವು ಭೂತಾರಾಧನೆಯಲ್ಲಿಯೂ ಮುಖಕ್ಕೆ ಬಳಿಯುವ ಮುಖ್ಯ ವರ್ಣದ್ರವ್ಯವಾಗಿರುವುದರಿಂದ, ಕರಾವಳಿಯ ಆರಾಧನೆ ಮತ್ತು ರಂಗಭೂಮಿಗಳ ನಡುವಣ ನಂಟಿಗೆ ಅದೂ ಒಂದು ಸಾಕ್ಷಿ.

ಇಲ್ಲಿ ಒಂದು ಎಚ್ಚರವನ್ನು ಹೇಳಲೇಬೇಕು. ಅರದಾಳ ಆರ್ಸೆನಿಕ್‌ನ ಸಂಯುಕ್ತ. ಇಂಗಳೀಕ ಪಾದರಸದ ಸಂಯುಕ್ತ. ಋತುವಿಡೀ ರಾತ್ರಿಯಿಂದ ರಾತ್ರಿಗೆ ಇವನ್ನು ಚರ್ಮಕ್ಕೆ, ಅದರಲ್ಲಿಯೂ ಕಣ್ಣಿನ ಅಂಚಿಗೆ ಹಚ್ಚುವುದು ಅಪಾಯಕರ. ಸತುವಿನ ಆಕ್ಸೈಡಿನ ಬಿಳಿ ಮತ್ತು ಅಂಗಡಿಯಲ್ಲಿ ದೊರೆಯುವ ಸಿದ್ಧ ಬಣ್ಣಗಳು ಚೌಕಿಯನ್ನು ಪ್ರವೇಶಿಸಿದುದನ್ನು ಪರಂಪರೆಯ ನಷ್ಟವೆಂದು ಸಾರಾಸಗಟಾಗಿ ಹಳಿಯುವುದು ಸರಿಯಲ್ಲ. ದ್ರವ್ಯ ಬದಲಾದರೂ ಕ್ರಮ ಉಳಿಯಬಲ್ಲದು. ಕ್ರಮವೇ ಮರೆತುಹೋದರೆ ಹಳೆಯ ದ್ರವ್ಯ ಮರಳಿ ಬಂದರೂ ಪ್ರಯೋಜನವಿಲ್ಲ.

೩

ಕ್ರಮದ ಸುಳಿವನ್ನು ಭಾಷೆಯೇ ನೀಡುತ್ತದೆ. ಬಣ್ಣ ಬಳಿಯುವುದು, ನಾಮ ಎಳೆಯುವುದು, ಹುಬ್ಬು ತಿದ್ದುವುದು, ಕಾಡಿಗೆ ತೀಡುವುದು, ಮೀಸೆ ಬರೆಯುವುದು, ಚಿಟ್ಟಿ ಇಡುವುದು ಎಂದು ಒಂದೊಂದು ಕೆಲಸಕ್ಕೂ ಒಂದೊಂದು ಕ್ರಿಯಾಪದವಿದೆ. ಇವು ಅಲಂಕಾರದ ಮಾತುಗಳಲ್ಲ. ಕೈಯ ಚಲನೆಯ ನಿಖರವಾದ ವರ್ಣನೆಗಳು. ಬಳಿಯಲು ಅಂಗೈ ಮತ್ತು ಬೆರಳುಗಳು ಬೇಕು. ಎಳೆಯಲು ತಡೆಯಿಲ್ಲದ ಒಂದೇ ಓಟ ಬೇಕು. ತಿದ್ದುವುದೆಂದರೆ ಇರುವುದನ್ನು ಸರಿಪಡಿಸುವುದು, ತೀಡುವುದೆಂದರೆ ಅಂಚಿನುದ್ದಕ್ಕೂ ಒತ್ತಡವಿಲ್ಲದೆ ಸವರುವುದು. ಇಡುವುದು ಮಾತ್ರ ಬಿಂದುಬಿಂದುವಾಗಿ ನಡೆಯುವ ಕೆಲಸ.

ವೇಷಧಾರಿ ಚೌಕಿಯಲ್ಲಿ ನೆಲದ ಮೇಲೆ ಕುಳಿತು, ಹಣೆಗೆ ಬಟ್ಟೆಯ ಪಟ್ಟಿಯನ್ನು ಬಿಗಿದು, ಮುಖಕ್ಕೆ ತೆಂಗಿನೆಣ್ಣೆ ಸವರಿಕೊಳ್ಳುತ್ತಾನೆ. ಪಟ್ಟಿ ಬಿಗಿದಾಗ ಹಣೆಯ ಚರ್ಮ ತುಸು ಮೇಲಕ್ಕೆ ಸರಿಯುತ್ತದೆ, ಹುಬ್ಬೂ ಅದರೊಡನೆ ಏರುತ್ತದೆ. ಪಟ್ಟಿ ಕಟ್ಟುವ ಮೊದಲೇ ಹುಬ್ಬು ತಿದ್ದಿದರೆ ಮುಂಡಾಸು ಬಿಗಿದ ಮೇಲೆ ಗೆರೆ ಸ್ಥಾನ ತಪ್ಪುವುದು ಸಹಜ. ಅನಂತರ ಬಿಳಿ, ಹಳದಿ, ಕೆಂಪುಗಳನ್ನು ಎಣ್ಣೆಯಲ್ಲಿ ಕಲಸಿದ ನಸುಗೆಂಪಿನ ತಳಬಣ್ಣವನ್ನು ಮುಖ, ಕಿವಿ, ಕೊರಳುಗಳಿಗೆ ಸಮನಾಗಿ ಬಳಿಯಲಾಗುತ್ತದೆ. ಅದರ ಮೇಲೆ ಪುಡಿ ಹಾಕಿ ಎಣ್ಣೆಯ ಜಿಡ್ಡನ್ನು ಅಡಗಿಸುವುದು ಅವಶ್ಯ. ಜಿಡ್ಡು ಉಳಿದ ತಳದ ಮೇಲೆ ಎಳೆದ ಕಪ್ಪು ಗೆರೆ ಬೆವರಿಗೆ ಹರಡುತ್ತದೆ. ರಾತ್ರಿ ಕಳೆದಂತೆ ಕಣ್ಣು ಕದಡಿದಂತೆ ಕಾಣುವುದಕ್ಕೆ ಬಹುಪಾಲು ಕಾರಣ ಗೆರೆಯ ದೋಷವಲ್ಲ, ಗೆರೆಗೆ ಮೊದಲಿನ ಅವಸರ.

ಕಣ್ಣಿನ ಕೆಲಸದಲ್ಲಿ ಮೇಲಿನ ರೆಪ್ಪೆಯ ಗೆರೆ ಮೂಗಿನ ಬದಿಯಿಂದ ಹೊರಟು ಹೊರತುದಿಯನ್ನು ದಾಟಿ ಕಿವಿಯತ್ತ ಚಾಚುತ್ತದೆ. ಕೆಳಗಿನ ಗೆರೆ ಅದನ್ನು ಹಿಂಬಾಲಿಸುತ್ತದೆ. ಮೇಲಿನ ಗೆರೆಯನ್ನು ಎಳೆಯುವಾಗ ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ರೆಪ್ಪೆ ಸುಕ್ಕುಗಟ್ಟಿ ಗೆರೆ ಮುರಿಯುತ್ತದೆ. ಆದುದರಿಂದ ಕನ್ನಡಿಯನ್ನು ಮುಖಕ್ಕಿಂತ ಕೆಳಗೆ ಹಿಡಿದು, ದೃಷ್ಟಿಯನ್ನು ತಗ್ಗಿಸಿ, ರೆಪ್ಪೆಯನ್ನು ಅರೆತೆರೆದ ಸ್ಥಿತಿಯಲ್ಲಿಟ್ಟು ಕಡ್ಡಿಯನ್ನು ಓಡಿಸಬೇಕಾಗುತ್ತದೆ. ಮೊಣಕೈಯನ್ನು ಮಡಿಸಿದ ಮೊಣಕಾಲಿಗೆ ಆನಿಸಿದರೆ ಕೈ ನಡುಗುವುದಿಲ್ಲ; ನೆಲದ ಮೇಲೆ ಕುಳಿತು ಬಣ್ಣ ಹಚ್ಚುವ ರೂಢಿಗೆ ಹೀಗೊಂದು ಪ್ರಾಯೋಗಿಕ ಅನುಕೂಲವೂ ಇದೆ. ಒಂದು ಕಣ್ಣನ್ನು ಪೂರ್ತಿಗೊಳಿಸಿ ಇನ್ನೊಂದಕ್ಕೆ ಕೈಹಾಕುವ ಬದಲು, ಒಂದೊಂದು ಹಂತವನ್ನು ಎರಡೂ ಕಣ್ಣುಗಳಿಗೆ ಮಾಡಿಕೊಂಡು ಹೋದರೆ ಸಮತೆ ಕೆಡುವುದಿಲ್ಲ. ಬಲಗೈಯವನಿಗೆ ಎಡಗಣ್ಣಿನ ಗೆರೆಯೇ ಕಷ್ಟ, ಏಕೆಂದರೆ ಅಲ್ಲಿ ಕೈ ಮೂಗನ್ನು ದಾಟಿ ಹೋಗಬೇಕು. ಕಷ್ಟದ ಕಣ್ಣನ್ನು ಮೊದಲು ಬರೆದು ಸುಲಭದ ಕಣ್ಣನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ.

೪

ಕೆನ್ನೆಯ ವಿಷಯದಲ್ಲಿ ಪಾತ್ರಭೇದ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ರಾಜವೇಷ, ಪುಂಡುವೇಷ ಹಾಗೂ ಸ್ತ್ರೀವೇಷಗಳಲ್ಲಿ ಕೆನ್ನೆಯ ಕೆಂಪಿಗೆ ಅಂಚು ಇರಕೂಡದು. ನಕ್ಕಾಗ ಉಬ್ಬುವ ಭಾಗದಲ್ಲಿ ಬಣ್ಣವಿಟ್ಟು, ಬೆರಳ ತುದಿಯಿಂದ ಕಿವಿಯತ್ತ ಮೇಲ್ಮುಖವಾಗಿ ತಿಕ್ಕಿ, ತಳಬಣ್ಣದಲ್ಲಿ ಕರಗಿಸಬೇಕು. ಕೆಂಪು ಎಲ್ಲಿ ಮುಗಿಯಿತೆಂದು ಪ್ರೇಕ್ಷಕನಿಗೆ ತಿಳಿದರೆ ಅದು ದೋಷ. ಮುಖದ ಎರಡೂ ಬದಿಯಲ್ಲಿ ಕರ್ಣಾಭರಣಗಳು ಇಳಿಬೀಳುವುದರಿಂದ ಕೆನ್ನೆಯ ಹೊರಭಾಗ ನೆರಳಿಗೆ ಸಿಲುಕುತ್ತದೆ. ಬಣ್ಣವನ್ನು ತೀರ ಹಿಂದಕ್ಕೆ ಒಯ್ದರೆ ಮುಖ ಬಡವಾಗುತ್ತದೆ. ಪುರುಷ ವೇಷಗಳಲ್ಲಿ ಕಿವಿಯ ಮುಂದೆ ಗಲ್ಲಮೀಸೆ ಬರೆಯುವಲ್ಲಿ ಈ ಕೆಂಪಿಗೂ ಆ ಕಪ್ಪಿಗೂ ನಡುವೆ ತಳಬಣ್ಣದ ಒಂದಿಷ್ಟು ಜಾಗ ಉಳಿಯಬೇಕು. ಎರಡೂ ಕಲೆತರೆ ದೂರಕ್ಕೆ ಅದು ಕೊಳೆಯಂತೆ ತೋರುತ್ತದೆ.

ಬಣ್ಣದ ವೇಷಗಳಲ್ಲಿ ಈ ನಿಯಮ ತಿರುವುಮುರುವಾಗುತ್ತದೆ. ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಎಂದು ತೆಂಕುತಿಟ್ಟು ವಿಂಗಡಿಸುವ ರಾಕ್ಷಸ ಪಾತ್ರಗಳಲ್ಲಿ ಅಂಚೇ ಮುಖ್ಯ. ಕಣ್ಣಿನ ಸುತ್ತಲಿನ ಕಪ್ಪು, ಕೆನ್ನೆಯ ಕೆಂಪು, ಇವನ್ನು ಬೇರ್ಪಡಿಸುವ ಬಿಳಿಯ ಸಾಲು ಒಂದಕ್ಕೊಂದು ಬೆರೆಯದಂತೆ ನಿಲ್ಲಬೇಕು. ಈ ಬಿಳಿಯ ಸಾಲೇ ಚಿಟ್ಟಿ. ಅಕ್ಕಿಯನ್ನು ನುಣ್ಣಗೆ ಅರೆದು, ಸುಣ್ಣದೊಡನೆ ಕಲಸಿ, ಕಡ್ಡಿಯ ತುದಿಯಿಂದ ಬಿಂದುಬಿಂದುವಾಗಿ ಇಟ್ಟು ಮೇಲಕ್ಕೆಳೆದರೆ ಸಣ್ಣ ಮುಳ್ಳಿನಂತೆ ನಿಲ್ಲುತ್ತದೆ. ಒಂದು ಸುತ್ತು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ದೊಡ್ಡ ಬಣ್ಣದ ವೇಷವೊಂದು ಪೂರ್ತಿಯಾಗಲು ಮೂರು-ನಾಲ್ಕು ತಾಸುಗಳು ಹಿಡಿಯುತ್ತವೆ. ಹಿಟ್ಟು ನೀರಾದರೆ ಮುಳ್ಳು ಕುಸಿಯುತ್ತದೆ, ಗಟ್ಟಿಯಾದರೆ ಅಂಟುವುದಿಲ್ಲ, ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ. ಈ ಹದ ಯಾವ ಅಳತೆಪಾತ್ರೆಯಲ್ಲೂ ಇಲ್ಲ, ಕಲಸಿದ ಬೆರಳಿನಲ್ಲಿದೆ. ಬಣ್ಣದ ಮಾಲಿಂಗ ಅವರಂತಹ ಕಲಾವಿದರಿಗೆ 'ಬಣ್ಣ' ಎಂಬುದು ಹೆಸರಿನ ಭಾಗವೇ ಆದುದು ಈ ಪರಿಣತಿಗೆ ಸಮಾಜ ಕೊಟ್ಟ ಗೌರವವೆನ್ನಬೇಕು.

೫

ಒಂದು ವರ್ಗದ ವೇಷದಲ್ಲಿ ದೋಷವಾದ ಅಂಚು ಇನ್ನೊಂದರಲ್ಲಿ ಗುಣವಾಗುವುದೇಕೆ? ಉತ್ತರ ಪಾತ್ರದಲ್ಲಿ ಎಷ್ಟಿದೆಯೋ ಬೆಳಕಿನಲ್ಲಿಯೂ ಅಷ್ಟೇ ಇದೆ. ಬಯಲಾಟ ರೂಪುಗೊಂಡುದು ಎಣ್ಣೆಯ ದೀವಟಿಗೆಗಳ ಬೆಳಕಿನಲ್ಲಿ. ಆ ಬೆಳಕು ಹಳದಿಯದು, ಅಲುಗಾಡುವುದು, ಬದಿಯಿಂದ ಬೀಳುವುದು. ಹಳದಿ ಬೆಳಕಿನಲ್ಲಿ ಬಿಳಿಗೂ ತಿಳಿಹಳದಿಗೂ ವ್ಯತ್ಯಾಸ ಮಸುಕಾಗುತ್ತದೆ, ಕೆಂಪು ಮತ್ತು ಕಪ್ಪು ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ. ಕಣ್ಣನ್ನು ಕಪ್ಪಿನಿಂದ, ಕೆನ್ನೆಯನ್ನು ಕೆಂಪಿನಿಂದ ಗುರುತಿಸುವ ಕ್ರಮಕ್ಕೆ ಇದು ಆಧಾರ. ಬದಿಯ ಬೆಳಕು ಚಿಟ್ಟಿಯ ಮುಳ್ಳುಗಳನ್ನು ತಾಗಿದಾಗ ಒಂದೊಂದು ಮುಳ್ಳಿಗೂ ನೆರಳು ಹುಟ್ಟುತ್ತದೆ. ಜ್ವಾಲೆ ಅಲುಗಿದಂತೆ ನೆರಳೂ ಅಲುಗಿ ಮುಖವೇ ಕದಲಿದಂತೆ ಭಾಸವಾಗುತ್ತದೆ. ಬಣ್ಣದ ವೇಷದ ಒಡ್ಡೋಲಗದಲ್ಲಿ ತೆರೆಯ ಮರೆಯಿಂದ ಮುಖವನ್ನು ತುಸುತುಸುವಾಗಿ ತೋರಿಸುವುದು, ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ಬರುವುದು, ರಾಳದ ಪುಡಿ ಎರಚಿ ಜ್ವಾಲೆಯೆಬ್ಬಿಸುವುದು, ಇವೆಲ್ಲ ಈ ಮುಖಕ್ಕೆ ಬೇಕಾದ ಬೆಳಕನ್ನು ಒದಗಿಸುವ ರಂಗಕ್ರಮಗಳು.

ಗ್ಯಾಸ್‌ಲೈಟು ಬಂದಾಗ ಬೆಳಕು ಬೆಳ್ಳಗಾಯಿತು. ವಿದ್ಯುದ್ದೀಪ ಬಂದ ಮೇಲೆ ಅದು ಎದುರಿನಿಂದ, ಎಲ್ಲ ಕಡೆಗೂ ಸಮನಾಗಿ ಬೀಳತೊಡಗಿತು. ಸಮಬೆಳಕಿನಲ್ಲಿ ಚಿಟ್ಟಿಯ ನೆರಳು ಅಳಿದು, ತಾಸುಗಟ್ಟಲೆ ಶ್ರಮದ ಮುಳ್ಳು ಬರಿಯ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ದೀವಟಿಗೆಯ ಬೆಳಕಿಗೆ ಹದವಾಗಿದ್ದ ಕೆನ್ನೆಯ ಕೆಂಪು ಇಲ್ಲಿ ಅತಿಯಾಗಿ ತೋರುತ್ತದೆ. ಹೀಗಾಗಿ ಕಲಾವಿದರು ಕೆಂಪನ್ನು ತಗ್ಗಿಸಿದರೆ ಅದನ್ನು ಪರಂಪರೆಯಿಂದ ಜಾರಿದಂತೆ ಎಣಿಸಬೇಕಾಗಿಲ್ಲ. ಅವರು ತಮ್ಮ ಹಿರಿಯರು ಮಾಡಿದುದನ್ನೇ, ಎಂದರೆ ಎದುರಿಗಿರುವ ಬೆಳಕಿಗೆ ಮುಖವನ್ನು ಹೊಂದಿಸುವ ಕೆಲಸವನ್ನೇ ಮಾಡುತ್ತಿದ್ದಾರೆ.

೬

ನೆರೆಯ ಕಥಕಳಿಯೊಡನೆ ಹೋಲಿಸಿದರೆ ಯಕ್ಷಗಾನದ ಒಂದು ವೈಶಿಷ್ಟ್ಯ ಎದ್ದುಕಾಣುತ್ತದೆ. ಕಥಕಳಿಯಲ್ಲಿ ಚುಟ್ಟಿಯ ಕೆಲಸಕ್ಕೆ ಪ್ರತ್ಯೇಕ ಪರಿಣತರಿದ್ದಾರೆ. ನಟ ಅಂಗಾತ ಮಲಗುತ್ತಾನೆ. ಪರಿಣತ ಅವನ ಮುಖದ ಮೇಲೆ ಚುಟ್ಟಿ ಕಟ್ಟುತ್ತಾನೆ. ೧೯೩೦ರಲ್ಲಿ ಸ್ಥಾಪನೆಯಾದ ಕೇರಳ ಕಲಾಮಂಡಲಂನಲ್ಲಿ ಅದು ಒಂದು ಪ್ರತ್ಯೇಕ ಪಾಠವಿಷಯವಾಗಿಯೇ ಬೆಳೆದಿದೆ. ಯಕ್ಷಗಾನದಲ್ಲಿ ವೇಷಧಾರಿಯೇ ತನ್ನ ಮುಖದ ಬಣ್ಣಗಾರ. ಇದರಿಂದ ಎರಡು ಪರಿಣಾಮಗಳಾಗಿವೆ. ಮೊದಲನೆಯದಾಗಿ, ಕಲಾವಿದ ತನ್ನ ಮುಖದ ಏರಿಳಿತಗಳನ್ನು ಅರಿತು ನಿಯಮವನ್ನು ಅದಕ್ಕೆ ಒಗ್ಗಿಸಿಕೊಳ್ಳುತ್ತಾನೆ. ಒಂದೇ ರಾವಣ ಇಬ್ಬರು ಕಲಾವಿದರ ಮುಖದಲ್ಲಿ ಒಂದೇ ಆಗಿರದಿರುವುದು ಇದರಿಂದಲೇ. ಎರಡನೆಯದಾಗಿ, ಈ ಜ್ಞಾನಕ್ಕೆ ವೇಷಧಾರಿಯ ಹೊರತಾಗಿ ಬೇರೆ ವಾರಸುದಾರನಿಲ್ಲ. ಎಳೆಯ ಕಲಾವಿದ ಹಿರಿಯನ ಪಕ್ಕ ಕುಳಿತು, ಬಣ್ಣ ಕಲಸಿಕೊಟ್ಟು, ನೋಡಿ ಕಲಿಯುತ್ತಾನೆ. ಆ ಕಲಿಕೆ ನಡೆಯುವುದು ರಂಗದಲ್ಲಲ್ಲ, ಆಟಕ್ಕೆ ಮೊದಲಿನ ಚೌಕಿಯ ತಾಸುಗಳಲ್ಲಿ.

ಇಂದು ಕುಗ್ಗುತ್ತಿರುವುದು ಆ ತಾಸುಗಳೇ. ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ಇಡೀ ರಾತ್ರಿಯ ಆಟದಿಂದ ಕಾಲಮಿತಿಯ ಪ್ರದರ್ಶನಕ್ಕೆ ಬಂದಿವೆ. ಪ್ರೇಕ್ಷಕರ ದಿನಚರಿ ಮತ್ತು ಕಲಾವಿದರ ಆರೋಗ್ಯದ ದೃಷ್ಟಿಯಿಂದ ಈ ಬದಲಾವಣೆಗೆ ಸಕಾರಣಗಳಿವೆ. ಆದರೆ ಬಣ್ಣದ ವೇಷ ರಾತ್ರಿಯ ಉತ್ತರಾರ್ಧದಲ್ಲಿ ರಂಗಕ್ಕೆ ಬರುತ್ತಿದ್ದಾಗ, ಆಟ ನಡೆಯುತ್ತಿದ್ದಂತೆಯೇ ಒಳಗೆ ಬಣ್ಣಗಾರಿಕೆಯೂ ನಡೆಯುತ್ತಿತ್ತು. ಆಟದ ಅವಧಿಯೇ ಚಿಟ್ಟಿ ಇಡುವ ಅವಧಿಗಿಂತ ಕಿರಿದಾದಲ್ಲಿ ಚಿಟ್ಟಿಯ ಸಾಲುಗಳು ಕಡಿಮೆಯಾಗುವುದು, ಅದರ ಜಾಗದಲ್ಲಿ ಬಿಳಿಯ ಬಣ್ಣದ ಗೆರೆ ಬರುವುದು ಅನಿವಾರ್ಯವಾಗುತ್ತದೆ. ಪಕ್ಕದಲ್ಲಿ ಕುಳಿತು ನೋಡುವ ಹುಡುಗನಿಗೆ ನೋಡಲು ಸಿಗುವುದೂ ಅಷ್ಟೇ.

೭

ಈ ಹಿನ್ನೆಲೆಯಲ್ಲಿ ದಾಖಲಾತಿಯ ವಿಧಾನವನ್ನು ಮರುಪರಿಶೀಲಿಸುವುದು ಅಗತ್ಯ. ಪೂರ್ಣಗೊಂಡ ಮುಖದ ಒಂದು ಚಿತ್ರಕ್ಕೆ ಬದಲಾಗಿ, ಎಣ್ಣೆ ಸವರಿದ ಕ್ಷಣದಿಂದ ಬಣ್ಣ ಒರೆಸುವ ಕ್ಷಣದವರೆಗೆ ಕೈಯ ಚಲನೆ ಕಾಣುವಂತೆ ಚಿತ್ರೀಕರಣ ನಡೆಯಬೇಕು. ಪ್ರತಿ ಹಂತಕ್ಕೆ ಹಿಡಿದ ಕಾಲ, ದ್ರವ್ಯಗಳ ಪ್ರಮಾಣ, ಬಳಸಿದ ಕಡ್ಡಿಯ ಬಗೆ ನಮೂದಾಗಬೇಕು. ಒಂದೇ ಮುಖವನ್ನು ಎಣ್ಣೆದೀಪ, ಗ್ಯಾಸ್‌ಲೈಟು, ವಿದ್ಯುದ್ದೀಪಗಳ ಬೆಳಕಿನಲ್ಲಿ ಪ್ರತ್ಯೇಕವಾಗಿ ಚಿತ್ರಿಸಿದರೆ ಗೆರೆಗೂ ಬೆಳಕಿಗೂ ಇರುವ ಸಂಬಂಧ ಕಣ್ಣಿಗೆ ಕಟ್ಟುತ್ತದೆ. ಕಲಾವಿದ ತನ್ನ ಕೆಲಸಕ್ಕೆ ಬಳಸುವ ಕ್ರಿಯಾಪದಗಳನ್ನು ಅವನ ಮಾತಿನಲ್ಲಿಯೇ, ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ, ದಾಖಲಿಸಿಕೊಳ್ಳುವುದು ಅಷ್ಟೇ ಮುಖ್ಯ. ತೆಂಕು, ಬಡಗು, ಬಡಾಬಡಗುಗಳಿಗೆ ಪ್ರತ್ಯೇಕವಾಗಿ ಈ ಕೆಲಸ ನಡೆಯಬೇಕಾಗಿದೆ.

ಒಟ್ಟಿನಲ್ಲಿ, ಕಣ್ಣಿನ ಗೆರೆ ಕದಡದಿರುವುದು ಮತ್ತು ಕೆನ್ನೆಯ ಬಣ್ಣ ಎಲ್ಲಿ ಕರಗಬೇಕೋ ಅಲ್ಲಿ ಕರಗಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದು ಯಕ್ಷಗಾನದಲ್ಲಿ ಅಚ್ಚುಕಟ್ಟಿನ ಲಕ್ಷಣ. ಬಯಲಿನ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಪಾತ್ರ ಓದಿಸಿಕೊಳ್ಳಬೇಕು ಎಂಬ ಹೊಣೆ ಅದರ ಹಿಂದಿದೆ. ಆಟ ಮುಗಿದ ಮೇಲೆ ವೇಷಧಾರಿ ತೆಂಗಿನೆಣ್ಣೆ ಸವರಿ ಬಟ್ಟೆಯಲ್ಲಿ ಮುಖ ಒರೆಸಿಕೊಂಡರೆ ಅಷ್ಟೂ ಕೆಲಸ ಕೆಲವು ನಿಮಿಷಗಳಲ್ಲಿ ಅಳಿಯುತ್ತದೆ. ಮರುದಿನ ಅದು ಮತ್ತೆ ಮೂಡುವುದು ಕೈಗೆ ನೆನಪಿರುವುದರಿಂದ. ಆ ಕೈಗಳು ನಮ್ಮ ನಡುವೆ ಇರುವಾಗಲೇ ಆ ನೆನಪನ್ನು ಬರೆದಿಟ್ಟುಕೊಳ್ಳುವುದು ಜಾನಪದ ಅಧ್ಯಯನದ ತುರ್ತಿನ ಕರ್ತವ್ಯ.